‘ಕಾದಿದೆ’ ಎಂಬ ರದೀಫ್ ಮತ್ತು ಹೆಚ್ಚಾದ ಎರಡು ಮಾತ್ರೆ

ಪ್ರಶ್ನೆ: ನಾನು ಸಿಂಧನೂರು ತಾಲೂಕಿನವನು. ಮೊದಲು ಒಂದು ಪ್ರೇಮ ಕವಿತೆ ಬರೆದಿದ್ದೆ. ಅದರ ಸಾಲುಗಳು ‘ನಿನ್ನ ನಗು ಕಣ್ಣಲ್ಲಿ, ನಿನ್ನ ದನಿ ಮನದಲ್ಲಿ, ನಿನ್ನ ನೆನಪು ಎದೆಯಲ್ಲಿ, ನನ್ನ ಬದುಕು ಕೈಯಲ್ಲಿ’ ಅಂತ ಮುಗಿಯುತ್ತಿದ್ದವು. ಪ್ರಾಸ ಚೆನ್ನಾಗಿದೆ ಅಂತ ಎಲ್ಲರೂ ಹೊಗಳಿದರು. ಆಮೇಲೆ ಈ ಗಜಲ್ ಬರೆದೆ. ಇದರಲ್ಲಿ ಪ್ರಾಸವೂ ಸರಿ ಇಲ್ಲ, ಛಂದಸ್ಸೂ ಇಲ್ಲ ಅನ್ನುತ್ತಿದ್ದಾರೆ. ನನಗೆ ಇದೇ ಇಷ್ಟ. ಇದನ್ನು ಅಳೆಯುವುದು ಹೇಗೆ? ಹೀಗೆ ಲೆಕ್ಕ ಹಾಕಿದರೆ ಪ್ರೀತಿಯ ಮಾತು ಸತ್ತು ಹೋಗುವುದಿಲ್ಲವೇ?

ದೂರ ಕಾಲುವೆ ಕೊನೆಯ ಹೊಲದಲಿ ಬೇರು ಕಾದಿದೆ
ನೀನು ಬರದೇ ಬೀದಿ ತುದಿಯಲಿ ತೇರು ಕಾದಿದೆ

ಬಸ್ಸು ಇಳಿಯುವ ಮಂದಿ ನಡುವಲಿ ನಿನ್ನ ಹುಡುಕಿದೆ
ಸಂಜೆ ಕವಿದರು ಕಣ್ಣು ರಸ್ತೆಯ ಮೇಲೆ ಕಾದಿದೆ

ಅರ್ಧ ರಾತ್ರಿಗೆ ನಿದ್ದೆಯಿಲ್ಲದೆ ಹೊರಳಿ ಮಲಗುವೆ
ಹಗಲ ಬಿಸಿಲನು ಕುಡಿದ ತಗಡಿನ ಸೂರು ಕಾದಿದೆ

ಭತ್ತ ತುಂಬಿದ ಲಾರಿ ಹೊರಟಿತು ರೈಸು ಮಿಲ್ಲಿಗೆ
ನನ್ನ ಎದೆಯಲ್ಲಿ ಹೇಳದ ಮಾತಿನ ಹೇರು ಕಾದಿದೆ

ಉತ್ತರ:

ನಿಮಗೆ ಇಷ್ಟವಾದ ಕವಿತೆಯೇ ಒಳ್ಳೆಯದು. ಹಳೆಯದನ್ನು ಬದಿಗಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಅಳತೆ ನೋಡೋಣ.

ಕನ್ನಡದಲ್ಲಿ ಒಂದು ಅಕ್ಷರ ಹೇಳಲು ಹಿಡಿಯುವ ಹೊತ್ತಿಗೆ ಮಾತ್ರೆ ಅನ್ನುತ್ತೇವೆ. ಹ್ರಸ್ವಕ್ಕೆ 1 ಮಾತ್ರೆ, ಅದು ಲಘು. ದೀರ್ಘಕ್ಕೆ 2 ಮಾತ್ರೆ, ಅದು ಗುರು. ‘ಸೂರು’ ಅಂದರೆ 2 ಮತ್ತು 1, ಒಟ್ಟು 3. ಅನುಸ್ವಾರ ಇದ್ದರೂ ಗುರು, ಹಾಗಾಗಿ ‘ಸಂಜೆ’ಯೂ 3. ಐ, ಔ ಇದ್ದರೂ ಗುರುವೇ, ‘ರೈಸು’ 3. ಹೊಸಬರು ಜಾಸ್ತಿ ಎಡವುವುದು ಒತ್ತಕ್ಷರದ ಹತ್ತಿರ. ಒತ್ತಕ್ಷರಕ್ಕೇ 2 ಮಾತ್ರೆ ಕೊಟ್ಟುಬಿಡುತ್ತಾರೆ. ಅದು ತಪ್ಪು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ. ‘ರಸ್ತೆಯ’ದಲ್ಲಿ ರ ಗುರು, ಸ್ತೆ ಲಘು, ಯ ಲಘು. ಒಟ್ಟು 4. ಜೋರಾಗಿ ಹೇಳಿ ನೋಡಿ, ನಾಲಿಗೆ ‘ರಸ್’ ಅಂತ ಒಂದು ಕ್ಷಣ ನಿಂತು ‘ತೆಯ’ಕ್ಕೆ ಹೋಗುತ್ತದೆ. ಆ ನಿಲುಗಡೆಯೇ ಎರಡನೇ ಮಾತ್ರೆ.

ಈಗ ನಿಮ್ಮ ಒಂದು ಸಾಲು ತಗೊಳ್ಳಿ:

ಹಗಲ | ಬಿಸಿಲನು | ಕುಡಿದ | ತಗಡಿನ | ಸೂರು | ಕಾದಿದೆ
3 | 4 | 3 | 4 | 3 | 4

ಒಟ್ಟು 21 ಮಾತ್ರೆ. ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು. ಉಳಿದ ಸಾಲುಗಳನ್ನೂ ಹೀಗೆ ಒಡೆದು ನೋಡಿ. 8ರಲ್ಲಿ 7 ಸಾಲು ಕರಾರುವಾಕ್ಕಾಗಿ ಇದೇ ಅಳತೆಗೆ ಕೂರುತ್ತವೆ. ‘ಛಂದಸ್ಸು ಇಲ್ಲ’ ಅಂದವರು ಎಣಿಸಿ ನೋಡಿಲ್ಲ.

ನಿಮಗೆ ಗೊತ್ತಿಲ್ಲದೆಯೇ ಈ ನಡೆ ಎಲ್ಲಿಂದ ಬಂತು? ನನಗನ್ನಿಸುವುದು, ಮನೆಯಿಂದಲೇ ಬಂದಿರಬೇಕು. ನಮ್ಮ ಮಾನ್ವಿ ಕಡೆಯ ಬ್ಯಾಗವಾಟದ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಈ ಭಾಗದ ಮನೆಗಳಲ್ಲಿ ಅಜ್ಜಿಯರು ಬೆಳಗ್ಗೆ ಹಾಡಿಕೊಳ್ಳುವುದು ಕೇಳಿರುತ್ತೀರಿ. ಅದು ಭಾಮಿನಿ ಷಟ್ಪದಿ. ಅದರ ಮೊದಲ ಸಾಲುಗಳನ್ನು ಒಡೆದು ನೋಡಿ:

ಹರಿಕ | ಥಾಮೃತ | ಸಾರ | ಗುರುಗಳ
ಕರುಣ | ದಿಂದಾ | ಪನಿತು | ಪೇಳುವೆ

ಇಲ್ಲಿಯೂ ಮೂರು ನಾಲ್ಕು, ಮೂರು ನಾಲ್ಕು. ದಾಸರು ದೇವರ ಮಾತಿಗೆ ಬಳಸಿದ ಹೆಜ್ಜೆಯನ್ನೇ ನೀವು ಹುಡುಗಿಯ ಮಾತಿಗೆ ಬಳಸಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಹೆಜ್ಜೆ ಎಲ್ಲರದ್ದು.

ಇನ್ನೊಂದು ಸೋಜಿಗ ಹೇಳುತ್ತೇನೆ. ಉರ್ದು ಗಜಲಿನಲ್ಲಿ ಅಳತೆಗೆ ಬೆಹರ್ ಅನ್ನುತ್ತಾರೆ. ರಮಲ್ ಅನ್ನುವ ಬೆಹರಿನ ಗಣ ‘ಫಾಇಲಾತುನ್’. ಅದನ್ನು ಎಣಿಸಿ. ಫಾ 2, ಇ 1, ಲಾ 2, ತುನ್ 2. ‘ಫಾಇ’ 3, ‘ಲಾತುನ್’ 4. ಮತ್ತೆ ಅದೇ ಮೂರು ನಾಲ್ಕು! ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಇದ್ದ ಊರು. ಇಲ್ಲಿಯ ಕಿವಿಗೆ ಎರಡು ಭಾಷೆಯ ಹಾಡೂ ಬಿದ್ದಿದೆ. ಕನ್ನಡಕ್ಕೆ ಗಜಲ್ ತಂದವರಲ್ಲಿ ಮೊದಲು ಹೇಳಬೇಕಾದ ಹೆಸರು ಇದೇ ಜಿಲ್ಲೆಯ ಹೆಂಬೇರಾಳಿನ ಶಾಂತರಸರದು. ಅದು ಆಕಸ್ಮಿಕ ಅಂತ ನನಗೆ ಎಂದೂ ಅನ್ನಿಸಿಲ್ಲ.

ಆದರೆ ಒಂದು ವ್ಯತ್ಯಾಸ ನೆನಪಿರಲಿ. ಬೆಹರಿನಲ್ಲಿ ಗುರು ಬರಬೇಕಾದ ಜಾಗಕ್ಕೆ ಗುರುವೇ ಬರಬೇಕು. ನಮ್ಮ ಮಾತ್ರಾ ಛಂದಸ್ಸಿನಲ್ಲಿ ಒಂದು ಗುರುವಿನ ಬದಲು ಎರಡು ಲಘು ಇಟ್ಟರೆ ನಡೆಯುತ್ತದೆ. ‘ಹಗಲ ಬಿಸಿಲನು ಕುಡಿದ ತಗಡಿನ’ ಅನ್ನುವಲ್ಲಿ ಸಾಲಾಗಿ 14 ಲಘು ಇವೆ. ಬೆಹರು ಇದನ್ನು ಒಪ್ಪುವುದಿಲ್ಲ. ಕನ್ನಡ ಒಪ್ಪುತ್ತದೆ, ಒಪ್ಪುವುದಷ್ಟೇ ಅಲ್ಲ, ಚೆಂದ ಮಾಡುತ್ತದೆ. ಸಣ್ಣ ಸಣ್ಣ ಅಕ್ಷರಗಳು ಒಂದರ ಹಿಂದೆ ಒಂದು ಓಡಿ ಬಂದು ‘ಸೂ’ ಅನ್ನುವ ದೀರ್ಘಕ್ಕೆ ಬಡಿದು ನಿಲ್ಲುತ್ತವೆ. ಆ ಬಿಸಿ ಅಲ್ಲಿ ತಟ್ಟುತ್ತದೆ. ಹಾಗಾಗಿ ಯಾರಾದರೂ ‘ಬೆಹರ್ ತಪ್ಪಿದೆ’ ಅಂದರೆ, ‘ನಾನು ಬರೆದಿರುವುದು ಮಾತ್ರೆಯ ಲೆಕ್ಕದಲ್ಲಿ’ ಅಂತ ಧೈರ್ಯವಾಗಿ ಹೇಳಿ.

ಈಗ ತಪ್ಪಿದ ಸಾಲು. ಕೊನೆಯದು:

ನನ್ನ | ಎದೆಯಲ್ಲಿ | ಹೇಳದ | ಮಾತಿನ | ಹೇರು | ಕಾದಿದೆ
3 | 5 | 4 | 4 | 3 | 4

ಒಟ್ಟು 23. ಎರಡು ಮಾತ್ರೆ ಹೆಚ್ಚು. ತೊಡೆಯ ಮೇಲೆ ತಾಳ ಹಾಕಿ ಓದಿ, ‘ಯಲ್ಲಿ’ ಅನ್ನುವಲ್ಲಿ ಕೈ ತಡವರಿಸುತ್ತದೆ. ‘ಎದೆಯಲಿ’ ಮಾಡಿದರೆ ಒಂದು ಮಾತ್ರೆ ಕಡಿಮೆಯಾಗುತ್ತದೆ, ‘ಹೇಳದ’ದಲ್ಲಿ ಇನ್ನೊಂದು ಉಳಿಯುತ್ತದೆ. ನಾನಾಗಿದ್ದರೆ ಎದೆಯನ್ನೇ ತೆಗೆಯುತ್ತಿದ್ದೆ. ಹೇಳದ ಮಾತು ಎದೆಯಲ್ಲಿ ಅಲ್ಲದೆ ಇನ್ನೆಲ್ಲಿ ಇರುತ್ತದೆ? ಅದನ್ನು ಹೇಳಬೇಕಾಗಿಲ್ಲ.

ನಿನಗೆ | ಹೇಳದ | ನೂರು | ಮಾತಿನ | ಹೇರು | ಕಾದಿದೆ

21ಕ್ಕೆ 21. ‘ನೂರು’, ‘ಹೇರು’ ಒಳಗೊಳಗೇ ಮುಟ್ಟಿಕೊಳ್ಳುತ್ತವೆ. ಜೊತೆಗೆ ‘ನಿನಗೆ’ ಅನ್ನುವುದೂ ಬಂತು. ಮೇಲಿನ ಸಾಲಿನಲ್ಲಿ ಭತ್ತದ ಹೇರು ಹೊರಟೇಬಿಟ್ಟಿದೆ, ಈ ಹೇರು ಮಾತ್ರ ಹೊರಟಿಲ್ಲ. ಈ ಹೋಲಿಕೆ ನಿಮ್ಮದೇ, ತುಂಬಾ ಒಳ್ಳೆಯದು.

ಎಣಿಸುವಾಗ ಕಾಗದ ನಂಬಬೇಡಿ, ಬಾಯಿ ನಂಬಿ. ‘ಬಸ್ಸು ಇಳಿಯುವ’ ಕಾಗದದ ಮೇಲೆ 7 ಮಾತ್ರೆ. ಆದರೆ ಯಾರೂ ಹಾಗೆ ಬಿಡಿಸಿ ಹೇಳುವುದಿಲ್ಲ, ‘ಬಸ್ಸಿಳಿಯುವ’ ಅನ್ನುತ್ತಾರೆ. ಲೋಪಸಂಧಿಯಾಗಿ ಒಂದು ಮಾತ್ರೆ ಹೋಯಿತು. ‘ನಿದ್ದೆಯಿಲ್ಲದೆ’ಯಲ್ಲಿ ಹಾಗಾಗಿಲ್ಲ. ಅಲ್ಲಿ ಆಗಮಸಂಧಿ, ನಡುವೆ ಯ ಬಂತು, ಸ್ವರ ಹೋಗಲಿಲ್ಲ, ಲೆಕ್ಕ ಕೆಡಲಿಲ್ಲ. ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಲ್ಲೇ ಶುರುವಾದರೆ ಅಲ್ಲಿ ಒಮ್ಮೆ ನಿಂತು ಹೇಳಿ ನೋಡಿ. ಮೊಬೈಲಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ ಕೇಳಿದರೆ ಇನ್ನೂ ಒಳ್ಳೆಯದು.

ಇನ್ನು ಪ್ರಾಸ. ನಾನು ನಿಜವಾಗಿ ಹೇಳಬೇಕೆಂದಿರುವುದು ಇದನ್ನೇ.

ನಿಮ್ಮ ಹಳೆಯ ಕವಿತೆಯ ಕೊನೆಯ ಪದಗಳಿಂದ ‘ಅಲ್ಲಿ’ ತೆಗೆದುಬಿಡಿ. ಏನು ಉಳಿಯಿತು? ಕಣ್ಣು, ಮನ, ಎದೆ, ಕೈ. ಒಂದಕ್ಕೊಂದು ದನಿಯ ಸಂಬಂಧವೇ ಇಲ್ಲ. ಅಲ್ಲಿದ್ದದ್ದು ಸಪ್ತಮಿ ವಿಭಕ್ತಿ ಮಾತ್ರ. ಕನ್ನಡದಲ್ಲಿ ಯಾವ ನಾಮಪದಕ್ಕೆ ಬೇಕಾದರೂ ‘ಅಲ್ಲಿ’ ಹಚ್ಚಬಹುದು. ‘ಗಳು’ ಹಚ್ಚಬಹುದು. ಕ್ರಿಯಾಪದಕ್ಕೆ ‘ಉತ್ತಿದೆ’ ಹಚ್ಚಬಹುದು. ಹಾಗೆ ಹಚ್ಚುತ್ತಾ ಹೋದರೆ ಸಾವಿರ ಸಾಲಿಗೂ ಪ್ರಾಸ ಸಿಗುತ್ತದೆ, ಒಂದಕ್ಕೂ ದುಡಿಯಬೇಕಾಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಇಂಥದ್ದೇ ಒಂದು ಕವಿತೆ ಬರೆದು ನಮ್ಮ ಕನ್ನಡ ಮೇಷ್ಟ್ರಿಗೆ ತೋರಿಸಿದ್ದೆ. ಅವರು ಏನೂ ಹೇಳಲಿಲ್ಲ. ಕೆಂಪು ಪೆನ್ನಿನಿಂದ ಆರು ‘ಅಲ್ಲಿ’ಗಳಿಗೂ ಅಡ್ಡಗೆರೆ ಎಳೆದು ಪುಸ್ತಕ ವಾಪಸ್ ಕೊಟ್ಟರು. ಮನೆಗೆ ಹೋಗಿ ನೋಡಿದೆ. ಅಡ್ಡಗೆರೆಯ ಎಡಕ್ಕೆ ಉಳಿದ ಆರು ಪದಗಳು ಆರು ಕಡೆ ಮುಖ ಮಾಡಿ ನಿಂತಿದ್ದವು. ಅವತ್ತಿನಿಂದ ಯಾವ ಕವಿತೆ ಸಿಕ್ಕರೂ ಮೊದಲು ಪ್ರತ್ಯಯ ಮುಚ್ಚಿ ಓದುತ್ತೇನೆ.

ಹಾಗಂತ ‘ಅಲ್ಲಿ’ ಬರಲೇಬಾರದು ಅಂತಲ್ಲ. ‘ಕಣ್ಣಲ್ಲಿ, ಮಣ್ಣಲ್ಲಿ, ಹಣ್ಣಲ್ಲಿ’ ಅಂದರೆ ಪದದ ಬುಡವೇ ಪ್ರಾಸವಾಗಿದೆ. ಆಗ ಪ್ರಾಸ ಇರುವುದು ‘ಅಣ್ಣ್’ನಲ್ಲಿ. ‘ಅಲ್ಲಿ’ ಅದರ ಬಾಲಕ್ಕೆ ಅಂಟಿಕೊಂಡ ರದೀಫ್, ಅಂದರೆ ಬದಲಾಗದೆ ಮತ್ತೆ ಮತ್ತೆ ಬರುವ ಪದ, ಇದ್ದ ಹಾಗೆ.

ನಮ್ಮ ಹಳೆಯ ಕವಿಗಳು ಸಾಲಿನ ಕೊನೆ ಬಿಟ್ಟು ಎರಡನೇ ಅಕ್ಷರಕ್ಕೆ ಪ್ರಾಸ ಇಟ್ಟದ್ದು ಯಾಕೆ ಅಂತ ಯೋಚಿಸಿದ್ದೀರಾ? ನನ್ನ ತಿಳಿವಳಿಕೆ ಇಷ್ಟು. ಕನ್ನಡದ ಪದಕ್ಕೆ ಪ್ರತ್ಯಯ ಹತ್ತುವುದು ಹಿಂದೆ, ಪದದ ಜೀವ ಇರುವುದು ಮುಂದೆ. ಮುಂದಿನ ಅಕ್ಷರಗಳಿಗೆ ಪ್ರಾಸ ಕಟ್ಟಿದರೆ ಪ್ರತ್ಯಯದ ಸಹಾಯ ಸಿಗುವುದಿಲ್ಲ, ಪದವನ್ನೇ ಹುಡುಕಬೇಕು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲಿ ಸಾಲುಗಳು ‘ಸಾಧುಗೆ’, ‘ಬಾಧಿಪ್ಪ’, ‘ಮಾಧವ’ ಅಂತ ಶುರುವಾಗುತ್ತವೆ. ಸುಮಾರು 1300 ವರ್ಷ ಹಿಂದಿನ ಮಾತು. ಎರಡನೇ ಅಕ್ಷರದಲ್ಲಿ ‘ಧ’ ಕಾರ ಎಲ್ಲ ಕಡೆಯೂ ಇದೆ. ಸ್ವರ ಬೇರೆಯಾದರೂ ಸರಿ, ವ್ಯಂಜನ ಒಂದೇ ಇರಬೇಕು. ಮೇಲೆ ಹೇಳಿದ ದಾಸರ ಪದ್ಯದಲ್ಲೂ ನೋಡಿ. ‘ಹರಿ’, ‘ಕರು’, ಮುಂದಿನ ಸಾಲು ‘ಪರಮ’. ಎಲ್ಲದರಲ್ಲೂ ರ. 1911ರಲ್ಲಿ ಗೋವಿಂದ ಪೈಗಳು ಈ ಕಟ್ಟನ್ನು ಬಿಟ್ಟು ಬರೆದರು. ಅದು ಆಗಬೇಕಾದದ್ದೇ ಆಗಿತ್ತು. ಆದರೆ ಆ ಕಟ್ಟಿನ ಹಿಂದಿನ ಬುದ್ಧಿಯನ್ನು ನಾವು ಮರೆತೆವು. ಇವತ್ತು ಸಾಲಿನ ಕೊನೆಗೆ ಪ್ರತ್ಯಯ ಜೋಡಿಸಿ ಪ್ರಾಸ ಅನ್ನುತ್ತಿದ್ದೇವೆ.

ಈಗ ನಿಮ್ಮ ಗಜಲ್. ಇಲ್ಲಿ ‘ಕಾದಿದೆ’ ರದೀಫ್. ಅಂದರೆ ಪ್ರತಿ ಶೇರಿನ (ಎರಡು ಸಾಲಿನ ಜೋಡಿಯ) ಕೊನೆಗೆ ಬದಲಾಗದೆ ಬರುವ ಪದ. ಅದರ ಹಿಂದಿನ ಪ್ರಾಸಪದ ಕಾಫಿಯಾ. ಬೇರು, ತೇರು, ಸೂರು, ಹೇರು. ಒಂದಕ್ಕೂ ಪ್ರತ್ಯಯ ಇಲ್ಲ. ನಾಲ್ಕೂ ಹೊಲ, ಬೀದಿ, ಮನೆ, ಬಂಡಿಯಿಂದ ಎದ್ದು ಬಂದ ಪದಗಳು. ಹಳೆಯ ಕವಿತೆಗಿಂತ ಇದು ಮೇಲು ಅಂದದ್ದು ಇದಕ್ಕೇ.

ಮೊದಲ ಶೇರು ಮತ್ಲಾ. ಅದರ ಎರಡೂ ಸಾಲಿನಲ್ಲಿ ಕಾಫಿಯಾ, ರದೀಫ್ ಬರಬೇಕು, ನಿಮ್ಮದರಲ್ಲಿ ಬಂದಿವೆ. ಮತ್ಲಾ ಅಂದರೆ ಕೇಳುಗರಿಗೆ ಕೊಟ್ಟ ಮಾತು. ಚಿಕ್ಕವನಿದ್ದಾಗ ರಾಯಚೂರಿನ ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಹಿಂದೆ ನಿಂತು ಕೇಳುತ್ತಿದ್ದೆ. ಕವಿ ಶೇರಿನ ಮೊದಲ ಸಾಲು ಎರಡು ಸಲ ಓದುತ್ತಿದ್ದರು. ಎರಡನೇ ಸಾಲು ಅರ್ಧಕ್ಕೆ ಬರುವಾಗ ಮುಂದೆ ಕೂತ ಹಿರಿಯರು ಕಾಫಿಯಾವನ್ನು ತಾವೇ ಊಹಿಸಿ, ಕವಿಯ ಜೊತೆ ರದೀಫ್ ಹೇಳಿ ಮುಗಿಸುತ್ತಿದ್ದರು. ಅರ್ಥ ಅರ್ಧ ತಿಳಿಯದಿದ್ದರೂ ನನ್ನ ಮೈ ಜುಮ್ ಅನ್ನುತ್ತಿತ್ತು. ಪ್ರಾಸ ಅಂದರೆ ಹಾಗೆ ಕಾಯಿಸುವುದು. ಬೇಕೆಂದಾಗ ಸಿಗುವ ಪ್ರತ್ಯಯಕ್ಕೆ ಯಾರೂ ಕಾಯುವುದಿಲ್ಲ.

ಅದಕ್ಕೇ ನಿಮ್ಮ ಎರಡನೇ ಶೇರು ನಿಂತಲ್ಲೇ ಕುಸಿಯುತ್ತದೆ. ‘ರಸ್ತೆಯ ಮೇಲೆ ಕಾದಿದೆ’. ಮಾತ್ರೆ ಸರಿಯಾಗಿ 21 ಇದೆ, ಅದಕ್ಕೇ ತಪ್ಪು ಕಣ್ಣಿಗೆ ಬಿದ್ದಿಲ್ಲ. ಆದರೆ ಕಾಫಿಯಾ ಎಲ್ಲಿ? ಕೇಳುಗ ‘ರು’ ಕಾಯುತ್ತಿದ್ದಾನೆ, ನೀವು ‘ಮೇಲೆ’ ಕೊಟ್ಟಿರಿ. ಇನ್ನೂ ಎರಡು ಸಣ್ಣ ಸಂಗತಿ. ಮೊದಲ ಸಾಲು ‘ಹುಡುಕಿದೆ’ ಅಂತ ಮುಗಿದು ರದೀಫಿನ ದನಿಯನ್ನೇ ಕೊಡುತ್ತದೆ. ಕೇಳುಗನಿಗೆ ಇನ್ನೊಂದು ಮತ್ಲಾ ಬಂತೇನೋ ಅನ್ನಿಸುತ್ತದೆ. ಮತ್ತೆ, ‘ಕವಿದರೂ’ ಅನ್ನುವುದನ್ನು ಮಾತ್ರೆಗಾಗಿ ‘ಕವಿದರು’ ಮಾಡಿದ್ದೀರಿ, ಅದು ‘ಅವರು ಕವಿದರು’ ಅಂತ ಕೇಳಿಸುತ್ತದೆ. ಹೀಗೂ ಆಗಬಹುದು ಅಂತ ತೋರಿಸಲು ಬರೆಯುತ್ತಿದ್ದೇನೆ, ನಿಮ್ಮದನ್ನು ನೀವೇ ಹುಡುಕಿಕೊಳ್ಳಿ:

ಬಂದ ಬಸ್ಸಿನ ಮಂದಿ ನಡುವಲಿ ನಿನ್ನ ಹುಡುಕುತ
ಸಂಜೆ ಕವಿಯಿತು, ಹರಿದ ಟಿಕೆಟಿನ ಚೂರು ಕಾದಿದೆ

ಇನ್ನು ‘ಸೂರು’. ನಿಮ್ಮ ಗೆಳೆಯರು ಪ್ರಾಸ ಸರಿ ಇಲ್ಲ ಅಂದದ್ದು ಬಹುಶಃ ಇದಕ್ಕೇ. ಕಟ್ಟುನಿಟ್ಟಾಗಿ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಮತ್ಲಾದಲ್ಲಿ ಬೇರು, ತೇರು ಅಂದಿರಿ. ಎರಡರಲ್ಲೂ ‘ಏರು’ ಇದೆ. ಹಾಗಾಗಿ ಮುಂದೆಯೂ ‘ಏರು’ ಬರುತ್ತದೆ ಅಂತ ಕಿವಿ ನಂಬಿಕೊಂಡಿದೆ. ಹೇರು ಸರಿ, ಸೂರು ಸ್ವಲ್ಪ ಆಚೆ. ಆದರೆ ಈ ಸಾಲನ್ನು ಮಾತ್ರ ಮುಟ್ಟಬೇಡಿ! ಇಡೀ ಗಜಲಿನಲ್ಲಿ ಇದೇ ಒಳ್ಳೆಯ ಸಾಲು. ‘ಕಾಯು’ ಅನ್ನುವ ನಮ್ಮ ಕ್ರಿಯಾಪದಕ್ಕೆ ದಾರಿ ನೋಡು ಅಂತಲೂ ಅರ್ಥ, ಬಿಸಿಯಾಗು ಅಂತಲೂ ಅರ್ಥ. ಉಳಿದ ಶೇರುಗಳಲ್ಲಿ ಮೊದಲನೆಯದೇ ಕೇಳಿಸುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಬೇಸಿಗೆಯಲ್ಲಿ ನಮ್ಮ ಕಡೆ ತಗಡಿನ ಮನೆಯಲ್ಲಿ ಮಲಗಿದವರಿಗೆ ಗೊತ್ತು, ಅರ್ಧ ರಾತ್ರಿಯಾದರೂ ಮೇಲಿಂದ ಝಳ ಇಳಿಯುತ್ತಲೇ ಇರುತ್ತದೆ. ಹಗಲಿನ ಬಿಸಿಲನ್ನು ರಾತ್ರಿಯವರೆಗೆ ಹಿಡಿದಿಟ್ಟ ಆ ಸೂರಿನ ಹಾಗೆ ಮಲಗಿದವನೂ ಇದ್ದಾನೆ. ‘ನಾನು ವಿರಹದಲ್ಲಿ ಬೇಯುತ್ತಿದ್ದೇನೆ’ ಅಂತ ನೀವು ಎಲ್ಲೂ ಹೇಳಿಲ್ಲ. ರದೀಫ್ ಹೇಳಿತು. ರದೀಫ್ ಅದೇ ಇದ್ದು ಅದರ ಒಳಗು ಬದಲಾಗುತ್ತಾ ಹೋಗಬೇಕು ಅನ್ನುತ್ತಾರಲ್ಲ, ಅದು ಇದೇ.

ಹಾಗಿದ್ದರೆ ಏನು ಮಾಡಬೇಕು? ಮತ್ಲಾ ಬದಲಿಸಿ. ಕೊಟ್ಟ ಮಾತನ್ನೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ‘ತೇರು’ ಬಿಡಬೇಡಿ. ಹೊತ್ತಾದರೆ ಊರ ತೇರು ಯಾರಿಗೂ ನಿಲ್ಲುವುದಿಲ್ಲ, ಅವಳಿಗಾಗಿ ನಿಂತಿದೆ ಅನ್ನುವುದರಲ್ಲಿ ಪ್ರೀತಿಯ ಹುಂಬತನ ಇದೆ. ಮೊದಲ ಸಾಲಿಗೆ ‘ಏರು’ ಅಲ್ಲದ ಇನ್ನೊಂದು ‘ರು’ ತನ್ನಿ:

ಡ್ಯಾಮು ಗೇಟಿನ ಹಿಂದೆ ತುಂಬಿದ ನೀರು ಕಾದಿದೆ
ನೀನು ಬರದೇ ಬೀದಿ ತುದಿಯಲಿ ತೇರು ಕಾದಿದೆ

ಈಗ ನೀರು, ತೇರು ಅಂತ ಶುರುವಾದ್ದರಿಂದ ಕಿವಿ ಕಾಯುವುದು ದೀರ್ಘದ ಮುಂದಿನ ‘ರು’ವನ್ನು ಮಾತ್ರ. ಸೂರು, ಚೂರು, ಹೇರು ಎಲ್ಲಕ್ಕೂ ಬಾಗಿಲು ತೆರೆಯಿತು. ಉರ್ದುವಿನ ಉಸ್ತಾದರು ಇದಕ್ಕೂ ಹುಬ್ಬು ಗಂಟಿಕ್ಕಬಹುದು. ಆದರೆ ಕನ್ನಡದ ಲೆಕ್ಕದಲ್ಲಿ ಇದು ಸರಿಯಾದ ಪ್ರಾಸ. ಮೊದಲ ಅಕ್ಷರ ಎಲ್ಲದರಲ್ಲೂ ದೀರ್ಘ, ಎರಡನೆಯದು ಎಲ್ಲದರಲ್ಲೂ ರ. ಹಳೆಯವರು ಇದಕ್ಕೆ ಗಜಪ್ರಾಸ ಅಂತ ಹೆಸರಿಟ್ಟಿದ್ದರು. ಅವರು ಸಾಲಿನ ಮೊದಲಿಗೆ ಇಡುತ್ತಿದ್ದ ಪ್ರಾಸವನ್ನೇ ನೀವು ಕೊನೆಗೆ, ಕಾಫಿಯಾದ ಜಾಗಕ್ಕೆ ತಂದಿದ್ದೀರಿ. ಇದು ಸಣ್ಣ ಕೆಲಸ ಅಲ್ಲ.

ತೆಗೆದ ‘ಬೇರು’ ಸಾಲನ್ನು ಎಸೆಯಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು ನೀರಿಗೆ ಕಾಯುವುದನ್ನು ಕಂಡವರು ಮಾತ್ರ ಬರೆಯುವ ಸಾಲು ಅದು. ಗಜಲಿಗೆ ಐದು ಶೇರಾದರೂ ಇರಬೇಕು ಅನ್ನುವುದು ವಾಡಿಕೆ, ನಿಮ್ಮಲ್ಲಿ ನಾಲ್ಕೇ ಇವೆ. ಐದನೆಯದಕ್ಕೆ ‘ಬೇರು’ ಇಟ್ಟುಕೊಳ್ಳಿ. ಕೊನೆಯ ಶೇರಿನಲ್ಲಿ ಕಾವ್ಯನಾಮ ಬಂದರೆ ಅದಕ್ಕೆ ಮಕ್ತಾ ಅನ್ನುತ್ತಾರೆ. ಹೆಸರು ಹಾಕಲೇಬೇಕು ಅಂತೇನಿಲ್ಲ.

ಇನ್ನು ಲೆಕ್ಕ ಹಾಕಿದರೆ ಪ್ರೀತಿ ಸಾಯುತ್ತದೆಯೇ ಅಂತ ಕೇಳಿದ್ದೀರಿ. ಕನ್ನಡ ಛಂದಸ್ಸಿನ ಮೇಲೆ ನಮಗೆ ಸಿಕ್ಕಿರುವ ಮೊದಲ ಪುಸ್ತಕ ನಾಗವರ್ಮನ ಛಂದೋಂಬುಧಿ. 10ನೇ ಶತಮಾನದ ಕೊನೆಯದು. ಗುರು, ಲಘು, ಗಣ, ಪ್ರಾಸ, ಕಂದ, ಎಲ್ಲವನ್ನೂ ಅವನು ಹೇಳಿರುವುದು ಪಂಡಿತರ ಸಭೆಗೆ ಅಲ್ಲ, ತನ್ನ ಹೆಂಡತಿಗೆ. ನಡುನಡುವೆ ಅವಳನ್ನು ಕರೆದು ಕರೆದು ಹೇಳುತ್ತಾನೆ.

ನಿಮ್ಮ ಗಜಲನ್ನು ತಿದ್ದಿದ ಮೇಲೆ, ಕಳಿಸುವ ಮೊದಲು, ಒಮ್ಮೆ ತಾಳ ಹಾಕಿ ಜೋರಾಗಿ ಓದಿ. ಐದನೇ ಶೇರು ಬಂದಾಗ ನನಗೂ ಕಳಿಸಿ.